ಕ್ರಿಮಿನಲ್ ಲಾಯರು: ಬಳಕೆದಾರರ ಕೈಪಿಡಿ, ಬೆಂಗಳೂರು ಆವೃತ್ತಿ

ಈ ಕೈಪಿಡಿ ಯಾರಿಗೆ

ಆರೋಪಿಗಲ್ಲ. ಅವನು ಒಳಗಿದ್ದಾನೆ, ಓದುವ ಸ್ಥಿತಿಯಲ್ಲಿಲ್ಲ. ಇದು ಅವನ ಭಾವನಿಗೆ. ಪ್ರತಿ ಮನೆತನದಲ್ಲೂ ಇಂಥವರೊಬ್ಬರು ಇರುತ್ತಾರೆ: ಬ್ಯಾಂಕಿನಲ್ಲೋ ಬೆಸ್ಕಾಂನಲ್ಲೋ ಕೆಲಸ, ಜೇಬಿನಲ್ಲಿ ಸದಾ ಪೆನ್ನು, ‘ಅವ್ರಿಗೆ ನಾಲ್ಕು ಜನ ಗೊತ್ತು’ ಎಂಬ ಹೆಸರು. ರಾತ್ರಿ ಎಂಟೂವರೆಗೆ ಠಾಣೆಯ ಎದುರಿನ ಬೇಕರಿ ಮುಂದೆ ನಿಂತು, ಆ ನಾಲ್ಕು ಜನಕ್ಕೂ ಫೋನ್ ಹಚ್ಚಿ, ‘ಒಳ್ಳೆ ಕ್ರಿಮಿನಲ್ ಲಾಯರ್ ಯಾರಾದ್ರೂ ಗೊತ್ತಾ?’ ಎಂದು ಕೇಳುವ ಪಾಳಿ ಅವರದೇ. ಹತ್ತು ನಿಮಿಷಕ್ಕೊಮ್ಮೆ ಹೆಂಡತಿ ಫೋನ್ ಮಾಡಿ ‘ಏನಾಯ್ತು ರೀ?’ ಅನ್ನುತ್ತಾರೆ. ಏನೂ ಆಗಿರುವುದಿಲ್ಲ.

ಇಂಥದ್ದು ಆಗುವುದು ಶುಕ್ರವಾರ, ಅದರಲ್ಲೂ ಎರಡನೇ ಶನಿವಾರದ ಹಿಂದಿನ ಶುಕ್ರವಾರ ಎಂದು ಅನುಭವಸ್ಥರು ಹೇಳುತ್ತಾರೆ. ರಜೆಯಿದ್ದರೂ 24 ಗಂಟೆಯೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ, ಬೇಕಾದರೆ ಅವರ ಮನೆಗೇ ಕರೆದೊಯ್ದು, ಹಾಜರುಪಡಿಸಲೇಬೇಕು. ಬೇಲ್ ಅರ್ಜಿಯ ವಾದ ಮಾತ್ರ ಸೋಮವಾರಕ್ಕೆ ಹೋಗುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿ ಎರಡು ದಿನವಿದೆ. ತಪ್ಪು ಲಾಯರನ್ನು ಹಿಡಿಯಲು ಅಷ್ಟು ಸಮಯ ಧಾರಾಳ ಸಾಕು.

ಪೆಟ್ಟಿಗೆ ತೆರೆಯುವ ಮುನ್ನ

ಮೊದಲು ಫೋನನ್ನು ಜೇಬಿಗೆ ಹಾಕಿ, ಪೆನ್ನು ಹೊರಗೆ ತೆಗೆಯಿರಿ. ಯಾವ ಠಾಣೆ, ಕ್ರೈಂ ನಂಬರ್ ಎಷ್ಟು, ಯಾವ ಸೆಕ್ಷನ್ನು, ದೂರು ಕೊಟ್ಟವರು ಯಾರು, ಹುಡುಗನನ್ನು ಮನೆಯಿಂದ ಕರೆದೊಯ್ದದ್ದು ಎಷ್ಟು ಗಂಟೆಗೆ. ಇಷ್ಟನ್ನು ಬರೆದುಕೊಳ್ಳಿ. ಕೆಲಸ ಬಲ್ಲ ಲಾಯರು ಮೊದಲು ಕೇಳುವುದು ಇದನ್ನೇ. ‘ಸಾರ್, ನಮ್ಮ ಹುಡ್ಗ ಅಂಥವನಲ್ಲ’ ಎಂಬುದನ್ನು ಯಾವ ಲಾಯರೂ ಬರೆದುಕೊಳ್ಳುವುದಿಲ್ಲ.

ಠಾಣೆಯಲ್ಲಿ ‘ಸುಮ್ನೆ ವಿಚಾರಣೆಗೆ ಕರ್ಸಿದೀವಿ’ ಅಂದರೆ ಸಮಾಧಾನ ಪಡಬೇಡಿ, ಗಾಬರಿಯೂ ಬೀಳಬೇಡಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಂಡಕೂಡಲೇ ಬಂಧಿಸಬಾರದು, ನೋಟಿಸು ಕೊಟ್ಟು ಕರೆಯಬೇಕು ಎಂದು ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ನೋಟಿಸಾ, ಅರೆಸ್ಟಾ? ಎರಡೂ ಅಲ್ಲವೆಂದರೆ ಹುಡುಗ ಎದ್ದು ಮನೆಗೆ ಬರಬಹುದು. ಇದನ್ನು ನೀವು ಕೇಳಿದರೆ ‘ಏನ್ರೀ, ಕಾನೂನು ಮಾತಾಡ್ತೀರಾ?’ ಎಂಬ ಉತ್ತರ ಬರುತ್ತದೆ. ಲಾಯರು ಕೇಳಿದರೆ ‘ಕೂತ್ಕೊಳ್ಳಿ ಸಾರ್’ ಎಂಬ ಉತ್ತರ. ಮೊದಲ ರಾತ್ರಿ ಲಾಯರಿಗೆ ಕೊಡುವ ಫೀಸು ಬಹುಪಾಲು ಈ ವ್ಯತ್ಯಾಸಕ್ಕೇ.

ಎಫ್‌ಐಆರ್ ಪ್ರತಿಗಾಗಿ ಯಾರ ಕಾಲನ್ನೂ ಹಿಡಿಯಬೇಕಿಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನೆಲ್ಲ 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು 2016ರಲ್ಲೇ ಸುಪ್ರೀಂ ಕೋರ್ಟಿನ ಆದೇಶವಾಗಿದೆ. ಅದನ್ನು ಇಳಿಸಿಕೊಂಡು ಓದಿ. ಸೆಕ್ಷನ್ ನಂಬರುಗಳು ಒಂದೂ ಪರಿಚಯದವಾಗಿರುವುದಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು, ನೂರೈವತ್ತು ವರ್ಷಕ್ಕೂ ಮಿಕ್ಕಿ ಬೈಗುಳವಾಗಿ ದುಡಿದ 420 ಈಗ 318(4) ಆಗಿದೆ. ಸಿನಿಮಾದ ಜಡ್ಜು ಕನ್ನಡಕ ತೆಗೆದು ಓದುತ್ತಿದ್ದ 302 ಈಗ 103. ಹೊಸ 302 ಯಾವುದೆಂದರೆ ಧಾರ್ಮಿಕ ಭಾವನೆಗೆ ನೋವಾಗುವ ಮಾತಾಡಿದ್ದು. ಹಳೇ ಜ್ಞಾನ ನೆಚ್ಚಿಕೊಂಡು ‘ಅಯ್ಯೋ, ತ್ರೀ ನಾಟ್ ಟೂ ಹಾಕ್ಬಿಟ್ಟಿದಾರೆ’ ಎಂದು ಅತ್ತೆಯವರ ಮುಂದೆ ಉದ್ಗರಿಸಿ ಅವರ ಬಿಪಿ ಏರಿಸಬೇಡಿ.

ಲಾಯರುಗಳಿಗೂ ಈ ಗೊಂದಲ ಪೂರ್ತಿ ಇಳಿದಿಲ್ಲ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಹೈಕೋರ್ಟಿಗೆ ಹೋಗಿ ಕೇಸನ್ನೇ ರದ್ದು ಮಾಡಿಸುವ ಅರ್ಜಿ. ಹೊಸದರಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು. ನಿರೀಕ್ಷಣಾ ಜಾಮೀನಿನ ಹಳೇ ನಂಬರು 438 ಈಗ ಪುನರ್ ಪರಿಶೀಲನೆಯ ಪಾಲಾಗಿದೆ. ಲಾಯರ ಮೇಜಿನ ಮೇಲೆ ಹಳೆಯದು ಹೊಸದು ಎರಡೂ ಪುಸ್ತಕ ಇದ್ದರೆ ಶುಭಸೂಚನೆ, ಏಕೆಂದರೆ 2024ರ ಜುಲೈಗೆ ಮೊದಲು ನಡೆದ ಅಪರಾಧಕ್ಕೆ ಇವತ್ತಿಗೂ ಹಳೇ ದಂಡ ಸಂಹಿತೆಯೇ.

ಬೋರ್ಡಿನ ಮೇಲೆ ಏನೂ ಇರುವುದಿಲ್ಲ

ಗಾಂಧಿನಗರದ ಯಾವುದಾದರೂ ಹಳೇ ಕಟ್ಟಡದ ಮೆಟ್ಟಿಲ ಬಳಿ ನಿಂತು ಬೋರ್ಡುಗಳನ್ನು ಓದಿ. ಹೆಸರು, ಬಿ.ಎ., ಎಲ್‌ಎಲ್.ಬಿ., ಅಡ್ವೊಕೇಟ್. ಅದರ ಕೆಳಗೆ ಇನ್ನೊಂದು ಹೆಸರು, ಅದೇ ಬಾಲ. ಇವರಲ್ಲಿ ಕೊಲೆ ಕೇಸು ನಡೆಸುವವರು ಯಾರು, ಬಾಡಿಗೆ ಕರಾರು ಬರೆಯುವವರು ಯಾರು ಎಂಬುದು ಬ್ರಹ್ಮನಿಗೂ ತಿಳಿಯದು. ಇದು ತಯಾರಿಕೆಯ ದೋಷವಲ್ಲ, ಉದ್ದೇಶಪಟ್ಟೇ ಮಾಡಿದ್ದು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ಕೆಲಸ ಕೇಳಿಕೊಂಡು ಹೋಗುವಂತಿಲ್ಲ. ಬೋರ್ಡು ಹದವಾದ ಅಳತೆಯಲ್ಲಿರಬೇಕು. ತಾನು ಇಂಥ ಕೆಲಸದಲ್ಲಿ ಪರಿಣತ ಎಂದೋ, ಹಿಂದೆ ನ್ಯಾಯಾಧೀಶನಾಗಿದ್ದೆ ಎಂದೋ, ವಕೀಲರ ಸಂಘದ ಅಧ್ಯಕ್ಷ ಎಂದೋ ಅದರಲ್ಲಿ ಬರೆಯಕೂಡದು. 2008ರಲ್ಲಿ ಸ್ವಲ್ಪ ಸಡಿಲಿಸಿ, ಜಾಲತಾಣದಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ಕ್ಷೇತ್ರದ ಕೆಲಸ ಎಂಬಷ್ಟನ್ನು ಹಾಕಿಕೊಳ್ಳಲು ಬಿಟ್ಟರು.

ಇದರ ಫಲ ಏನಾಗಿದೆ ನೋಡಿ. ನಿಯಮ ಪಾಲಿಸುವ ಲಾಯರು ತಾನು ಒಳ್ಳೆಯವನೆಂದು ನಿಮಗೆ ಹೇಳಲಾರ. ಹಾಗೆ ಹೇಳುವವನು ನಿಯಮ ಮುರಿದವನು. ‘ಬೆಂಗಳೂರಿನ ಟಾಪ್ ಹತ್ತು ಕ್ರಿಮಿನಲ್ ಲಾಯರುಗಳು’ ಎಂದು ಮೊಬೈಲಿನಲ್ಲಿ ಮೊದಲು ಕಾಣುವ ಪಟ್ಟಿ ಯಾವ ಕೋರ್ಟು ಹಾಲಿನಲ್ಲೂ ತಯಾರಾದದ್ದಲ್ಲ. ಹಾಗಾದರೆ ಹುಡುಕುವುದು ಹೇಗೆ? ಕೋರ್ಟು ಹುಡುಕುವ ರೀತಿಯಲ್ಲೇ, ಸಾಕ್ಷಿ ನೋಡಿ.

ಎಚ್ಚರಿಕೆ: ಈ ಭಾಗಗಳನ್ನು ಮುಟ್ಟಬೇಡಿ

ಠಾಣೆಯೊಳಗಿನಿಂದ ಬಂದು ಮೆಲ್ಲಗೆ ಒಂದು ಕಾರ್ಡು ಕೊಟ್ಟು ‘ಇವ್ರತ್ರ ಹೋಗಿ, ಸಾಹೇಬ್ರಿಗೆ ಬೇಕಾದೋರು’ ಎನ್ನುವವರು ಒಬ್ಬರಿರುತ್ತಾರೆ. ಕಾರ್ಡು ತೆಗೆದುಕೊಳ್ಳಿ, ಥ್ಯಾಂಕ್ಸ್ ಹೇಳಿ, ಜೇಬಲ್ಲೇ ಇರಲಿ. ಬಂಧಿಸಿದ ಸಾಹೇಬರಿಗೂ ಬಿಡಿಸುವ ಲಾಯರಿಗೂ ಅಷ್ಟು ಸಲಿಗೆ ಇದ್ದರೆ, ನಾಳೆ ಅದೇ ಸಾಹೇಬರನ್ನು ಸಾಕ್ಷಿ ಕಟ್ಟೆಯಲ್ಲಿ ನಿಲ್ಲಿಸಿ ಪಾಟಿ ಸವಾಲು ಮಾಡುವವರು ಯಾರು?

ಕೋರ್ಟಿನ ಗೇಟಿನೊಳಗೆ ಕಾಲಿಟ್ಟೊಡನೆ ಬಿಳಿ ಶರ್ಟಿನವನೊಬ್ಬ ಪಕ್ಕದಲ್ಲೇ ನಡೆಯತೊಡಗುತ್ತಾನೆ. ‘ಯಾವ ಕೇಸು? ಬೇಲಾ? ಶ್ಯೂರಿಟಿ ಇದಾರಾ?’ ಬಿಳಿ ಶರ್ಟು ಹಾಕಿದ್ದಾನೆ, ಕೊರಳಲ್ಲಿ ಬ್ಯಾಂಡಿಲ್ಲ. ಇವನು ದಲ್ಲಾಳಿ. ಇವನ ಹಾವಳಿ ತಡೆಯಲು ಬ್ರಿಟಿಷರು 1879ರಲ್ಲೇ ಕಾಯ್ದೆ ಮಾಡಿದ್ದರು. ಅದನ್ನು ತೆಗೆದು, 2023ರ ತಿದ್ದುಪಡಿಯಲ್ಲಿ ವಕೀಲರ ಕಾಯ್ದೆಗೇ 45ಎ ಎಂಬ ಕಲಮನ್ನು ಸೇರಿಸಿದರು. ಶಿಕ್ಷೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಐನೂರು ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಐನೂರು ರೂಪಾಯಿ! ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವನು ಕಟ್ಟುವಷ್ಟು.

ನಿಮ್ಮ ಸೈಟು ರಿಜಿಸ್ಟ್ರೇಷನ್ ಮಾಡಿಸಿಕೊಟ್ಟ ಲಾಯರು ಒಬ್ಬರಿದ್ದಾರಲ್ಲ, ಹಬ್ಬಕ್ಕೆ ತಪ್ಪದೆ ಮೆಸೇಜು ಕಳಿಸುವವರು. ಅವರು ಒಳ್ಳೆಯವರು. ಅವರನ್ನು ಠಾಣೆಗೆ ಕರೆದೊಯ್ಯಬೇಡಿ. ಮೂವತ್ತು ವರ್ಷ ಪಹಣಿ, ಖಾತೆ, ಇಸಿಗಳ ನಡುವೆ ಬದುಕಿದವರು ರಿಮ್ಯಾಂಡ್ ಅರ್ಜಿ ನೋಡಿ ಬೆವರುತ್ತಾರೆ. ಅವರಿಂದ ಬೇರೊಂದು ಉಪಕಾರ ಪಡೆಯಿರಿ: ‘ಸಾರ್, ನಿಮ್ಮ ಸ್ವಂತ ತಮ್ಮನ ಮೇಲೆ ಕೇಸಾದ್ರೆ ಯಾರತ್ರ ಹೋಗ್ತೀರಿ?’ ಎಂದು ಕೇಳಿ. ತಕ್ಷಣ ಒಂದು ಹೆಸರು ಬಂದರೆ ಬರೆದುಕೊಳ್ಳಿ. ಯೋಚಿಸಿ ಮೂರು ಹೆಸರು ಹೇಳಿದರೆ ಅವರಿಗೂ ಗೊತ್ತಿಲ್ಲ.

ಇನ್ನು ‘ನಮ್ಮೋರು’. ಬೆಂಗಳೂರಿನಲ್ಲಿ ಲಾಯರು ಹುಡುಕುವ ಅರ್ಧಕ್ಕರ್ಧ ಫೋನುಗಳು ಈ ಒಂದು ಪದದ ಸುತ್ತ ತಿರುಗುತ್ತವೆ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬರೆಯುವುದಿಲ್ಲ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಆ ಬಂಧುತ್ವವನ್ನು ಕೋರ್ಟು ಹಾಲಿನ ಹೊರಗೇ ಬಿಡಬೇಕಾಗುತ್ತದೆ. ವಾಪಸು ಬರುವಾಗ ಫೀಸು ಕಡಿಮೆ ಕೊಡಲು ಮಾತ್ರ ಅದು ಕೆಲಸಕ್ಕೆ ಬರುತ್ತದೆ, ಅದೂ ಲಾಯರಿಗೆ ಇಷ್ಟವಿಲ್ಲ.

ಎಲ್ಲಿ ಸಿಗುತ್ತಾರೆ

ಹೈಕೋರ್ಟು ಇರುವುದು ಅಠಾರ ಕಚೇರಿಯಲ್ಲಿ, ವಿಧಾನಸೌಧದ ಎದುರು, ಕೆಂಪು ಕಟ್ಟಡ. ನಿಮಗೆ ಗೊತ್ತಿರುವುದು ಇದೊಂದೇ, ಏಕೆಂದರೆ ಟಿವಿಯಲ್ಲಿ ತೋರಿಸುತ್ತಾರೆ. ಆದರೆ ನಿಮ್ಮ ಭಾವಮೈದನ ಪ್ರಕರಣ ಶುರುವಾಗುವುದು ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೋ ಮೇಯೊ ಹಾಲ್‌ನಲ್ಲೋ. ಗಂಭೀರ ಕೇಸಾದರೆ ಬೇಲಿಗೆ ಸೆಷನ್ಸ್ ನ್ಯಾಯಾಲಯಕ್ಕೆ, ಅಂದರೆ ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟ್ ಸಂಕೀರ್ಣಕ್ಕೆ. ಹೈಕೋರ್ಟಿನ ಹೆಸರಾಂತ ವಕೀಲರನ್ನು ಹಿಡಿದರೆ ಅವರು ಬೆಳಗ್ಗೆ ಹತ್ತೂವರೆಗೆ ಕೆಂಪು ಕಟ್ಟಡದಲ್ಲಿರುತ್ತಾರೆ, ನಿಮ್ಮ ಹುಡುಗ ನೃಪತುಂಗ ರಸ್ತೆಯಲ್ಲಿ. ನಡುವೆ ದೂರ ಹೆಚ್ಚಿಲ್ಲ, ಆದರೆ ಒಬ್ಬ ಮನುಷ್ಯ ಎರಡು ಕಡೆ ಎದ್ದು ನಿಲ್ಲುವ ವಿದ್ಯೆ ಇನ್ನೂ ಬಂದಿಲ್ಲ. ‘ಸೀನಿಯರ್ ಅಡ್ವೊಕೇಟ್’ ಎಂದು ಕೋರ್ಟಿನಿಂದಲೇ ಪದವಿ ಪಡೆದವರಂತೂ ನಿಮ್ಮಿಂದ ನೇರವಾಗಿ ಕೇಸು ತೆಗೆದುಕೊಳ್ಳುವಂತಿಲ್ಲ, ವಕಾಲತ್ತು ಹಾಕುವಂತಿಲ್ಲ. ಇನ್ನೊಬ್ಬ ವಕೀಲರ ಮೂಲಕವೇ ಬರಬೇಕು. ಸಾಮಾನ್ಯ ಬೇಲ್ ಅರ್ಜಿಗೆ ಅವರನ್ನು ಕರೆತರುವುದು ದುಡ್ಡಿಗೆ ದಂಡ.

ಈಗ ಕೈಪಿಡಿಯ ಮುಖ್ಯ ಕ್ರಿಯೆ. ಒಂದು ದಿನ ಆಫೀಸಿಗೆ ರಜೆ ಹಾಕಿ ಹೋಗಿ ಕೋರ್ಟಿನಲ್ಲಿ ಕುಳಿತುಕೊಳ್ಳಿ. ಯಾರ ಅಪ್ಪಣೆಯೂ ಬೇಡ. ನ್ಯಾಯಾಲಯ ತೆರೆದ ಜಾಗ ಎಂದು ಕಾನೂನೇ ಹೇಳಿದೆ. ಫೋನ್ ಸ್ವಿಚ್ ಆಫ್ ಮಾಡಿ, ಕಾಲ ಮೇಲೆ ಕಾಲು ಹಾಕಬೇಡಿ, ಕೊನೆಯ ಬೆಂಚು ಹಿಡಿಯಿರಿ. ಬೇಲ್ ಅರ್ಜಿಗಳು ನಡೆಯುವ ಸೆಷನ್ಸ್ ಹಾಲ್ ಆದರೆ ಉತ್ತಮ.

ಮೊದಲು ಎದ್ದವರಿಗೆ ಕಂಠ ಚೆನ್ನಾಗಿರುತ್ತದೆ. ಕಕ್ಷಿದಾರನ ವೃದ್ಧ ತಾಯಿ, ಮದುವೆಗೆ ಬಂದ ತಂಗಿ, ಕುಟುಂಬಕ್ಕೆ ಅವನೊಬ್ಬನೇ ಆಧಾರ, ಸಂವಿಧಾನದ 21ನೇ ವಿಧಿ. ನಿಮ್ಮ ಕಣ್ಣಲ್ಲೂ ನೀರಾಡುತ್ತದೆ. ನ್ಯಾಯಾಧೀಶರು ಬೇರೊಂದು ಫೈಲಿನಲ್ಲಿ ಏನೋ ಬರೆಯುತ್ತಿರುತ್ತಾರೆ. ಇದೇ ತಾಯಿ ಇದೇ ತಂಗಿ ಬೆಳಗ್ಗೆಯಿಂದ ಅವರ ಮುಂದೆ ಎಷ್ಟು ಸಲ ಬಂದು ಹೋಗಿದ್ದಾರೋ. ಸರ್ಕಾರಿ ವಕೀಲರು ಎದ್ದು ‘ಆಕ್ಷೇಪಣೆ ಸಲ್ಲಿಸಲು ಸಮಯ ಬೇಕು’ ಎನ್ನುತ್ತಾರೆ. ಮುಂದಿನ ತಾರೀಕು ಬೀಳುತ್ತದೆ.

ಆಮೇಲೆ ಒಬ್ಬರು ಏಳುತ್ತಾರೆ. ನಲವತ್ತರ ಆಚೀಚಿನ ಹೆಣ್ಣುಮಗಳು, ಫೈಲಿನ ಅಂಚಿನಲ್ಲಿ ಹಳದಿ ಚೀಟಿಗಳು. ದನಿ ಏರುವುದಿಲ್ಲ. ‘ಸ್ವಾಮಿ, ಮಹಜರು ನಡೆದದ್ದು ಬೆಳಗ್ಗೆ ಹನ್ನೊಂದಕ್ಕೆ. ಎಫ್‌ಐಆರ್ ದಾಖಲಾದದ್ದು ಹನ್ನೆರಡೂವರೆಗೆ. ಆದರೆ ಮಹಜರಿನ ತಲೆಬರಹದಲ್ಲಿ ಕ್ರೈಂ ನಂಬರ್ ಆಗಲೇ ಇದೆ.’ ಅಷ್ಟೇ. ನ್ಯಾಯಾಧೀಶರ ಪೆನ್ನು ನಿಲ್ಲುತ್ತದೆ. ಹಾಳೆ ತಿರುವಿ ನೋಡುತ್ತಾರೆ. ಕನ್ನಡಕದ ಮೇಲಿಂದ ಸರ್ಕಾರಿ ವಕೀಲರತ್ತ ತಿರುಗಿ, ‘ಏನ್ರೀ ಇದು?’ ಎನ್ನುತ್ತಾರೆ. ಇನ್ನೂ ಹುಟ್ಟದ ಎಫ್‌ಐಆರ್‌ನ ನಂಬರು ಅದಕ್ಕೂ ಮೊದಲು ಬರೆದ ಮಹಜರಿನಲ್ಲಿ ಹೇಗೆ ಬಂತು? ಠಾಣೆಯಲ್ಲಿ ಕುಳಿತು ಆಮೇಲೆ ಬರೆದದ್ದೇ? ಸರ್ಕಾರಿ ವಕೀಲರು ಪಕ್ಕದಲ್ಲಿ ನಿಂತ ಪೇದೆಯನ್ನು ನೋಡುತ್ತಾರೆ. ಪೇದೆ ಗಡಿಯಾರ ನೋಡುತ್ತಾರೆ.

ನಿಮಗೆ ಬೇಕಾದ ಸಾಕ್ಷಿ ಇದು. ಆಕೆ ಕಾಗದ ಓದಿದ್ದಾರೆ, ಗಂಟೆ ನಿಮಿಷ ಜೋಡಿಸಿ ಓದಿದ್ದಾರೆ. ಹೊರಗೆ ಬಂದು ಕಾರಿಡಾರಿನಲ್ಲಿ ಕಾಯಿರಿ. ಹಾಲಿನೊಳಗೆ ಮಾತಾಡಿಸಬೇಡಿ, ಇನ್ನೂ ಎರಡು ಕೇಸು ಇರುತ್ತವೆ. ಕ್ಲರ್ಕಿನ ಹತ್ತಿರ ಹೆಸರು, ಆಫೀಸಿನ ವಿಳಾಸ ಕೇಳಿ ಇಟ್ಟುಕೊಳ್ಳಿ. ಆಮೇಲೆ ಇ-ಕೋರ್ಟ್ಸ್ ಆ್ಯಪ್ ತೆರೆದು ವಕೀಲರ ಹೆಸರಿನಿಂದಲೇ ಹುಡುಕಿ: ಯಾವ ಯಾವ ಕೋರ್ಟಿನಲ್ಲಿ ಎಂಥ ಕೇಸುಗಳಿವೆ, ಯಾವ ಹಂತದಲ್ಲಿವೆ, ತಾರೀಕಿನ ಮೇಲೆ ತಾರೀಕು ಹೋಗುತ್ತಿವೆಯೋ ಸಾಕ್ಷಿ ವಿಚಾರಣೆ ನಡೆಯುತ್ತಿದೆಯೋ ಎಲ್ಲ ಅಲ್ಲಿದೆ. ಹೆಣ್ಣುಮಕ್ಕಳಿಗೆ ಕ್ರಿಮಿನಲ್ ಕೇಸು ಆಗಿಬರೋದಿಲ್ಲ ಎಂದು ಮಾವನವರು ಗೊಣಗಿದರೆ ಅವರನ್ನೂ ಒಂದು ದಿನ ಆ ಬೆಂಚಿನಲ್ಲಿ ಕೂರಿಸಿ.

ಮೊದಲ ಭೇಟಿ

ಸಂಜೆ ಏಳರ ಮೇಲೆ ಹೋಗಿ. ಹಗಲೆಲ್ಲ ಕೋರ್ಟು, ಐದಕ್ಕೆ ವಾಪಸು, ಆರಕ್ಕೆ ಕಾಫಿ. ಇಡೀ ಕುಟುಂಬ ದಂಡೆತ್ತಿ ಹೋಗಬಾರದು. ಇಬ್ಬರು ಸಾಕು, ಅದರಲ್ಲಿ ಒಬ್ಬರಿಗೆ ವಿಷಯ ಗೊತ್ತಿರಬೇಕು.

ಕೆಟ್ಟ ಮಾದರಿಯ ಲಕ್ಷಣ ಮೊದಲ ಐದು ನಿಮಿಷದಲ್ಲೇ ಕಾಣುತ್ತದೆ. ‘ನಂಗೆ ಬಿಡಿ. ಆ ಜಡ್ಜು ನಮಗೆ ಚೆನ್ನಾಗಿ ಗೊತ್ತು. ಬುಧವಾರ ಹುಡುಗ ಮನೇಲಿ ಊಟ ಮಾಡ್ತಾನೆ.’ ಗೋಡೆಯ ಮೇಲೆ ಮಂತ್ರಿಗಳ ಜೊತೆಗಿನ ಫೋಟೋ ಇರುತ್ತದೆ, ಎಫ್‌ಐಆರ್ ಅವರ ಮುಂದಿದ್ದರೂ ಅವರು ಅದನ್ನು ಮುಟ್ಟಿರುವುದಿಲ್ಲ. ಭಾವಂದಿರಿಗೆ ಇಂಥ ಲಾಯರು ತುಂಬ ಇಷ್ಟವಾಗುತ್ತಾರೆ, ಏಕೆಂದರೆ ಮನೆಗೆ ಹೋಗಿ ಹೇಳಲು ಒಂದು ಒಳ್ಳೆಯ ವಾಕ್ಯ ಸಿಗುತ್ತದೆ.

ಒಳ್ಳೆಯ ಮಾದರಿ ಮನಸ್ಸಿಗೆ ಹಿತವಾಗಿರುವುದಿಲ್ಲ. ಎಫ್‌ಐಆರನ್ನು ಎರಡು ಸಲ ಓದುತ್ತಾರೆ. ಹುಡುಗನ ಮೇಲೆ ಹಿಂದೆ ಯಾವುದಾದರೂ ಕೇಸು ಇತ್ತೇ ಎಂದು ಕೇಳುತ್ತಾರೆ. ನೀವು ಇಲ್ಲ ಎನ್ನುತ್ತೀರಿ. ಅವರು ಸುಮ್ಮನೆ ನಿಮ್ಮ ಮುಖ ನೋಡುತ್ತಾರೆ. ‘ಒಂದಿತ್ತು ಮೇಡಂ, ಕಾಲೇಜಲ್ಲಿ, ಸಣ್ಣದು’ ಎನ್ನುತ್ತೀರಿ. ಸರ್ಕಾರಿ ವಕೀಲರು ಇದನ್ನು ಕೋರ್ಟಿನಲ್ಲಿ ಮೊದಲ ಬಾರಿ ಹೇಳುವುದಕ್ಕಿಂತ ಇಲ್ಲೇ ಬಾಯಿ ಬಿಡುವುದು ವಾಸಿ. ಕಕ್ಷಿದಾರ ಹೇಳಿದ್ದನ್ನು ವಕೀಲರು ಹೊರಗೆ ಹೇಳಕೂಡದೆಂದು ಸಾಕ್ಷ್ಯ ಕಾನೂನೇ ಕಟ್ಟು ಹಾಕಿದೆ. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು. ಆ ಕಟ್ಟು ವಕೀಲರ ಕಡೆಯವರಿಗೆ ಮಾತ್ರ. ಪಕ್ಕದಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುವ ದೊಡ್ಡಮ್ಮನ ಮಗನನ್ನು ದಯವಿಟ್ಟು ಹೊರಗೆ ಕೂರಿಸಿ.

ಪರೀಕ್ಷೆಗೆ ಒಂದೇ ಪ್ರಶ್ನೆ ಕೇಳಿ: ‘ಮೇಡಂ, ಚಾರ್ಜ್‌ಶೀಟು ಯಾವ ತಾರೀಕಿನೊಳಗೆ ಬರಬೇಕು?’ ಕೇಸಿನ ಗಂಭೀರತೆ ನೋಡಿ 60 ಇಲ್ಲವೇ 90 ದಿನದೊಳಗೆ ಪೊಲೀಸರು ಚಾರ್ಜ್‌ಶೀಟು ಹಾಕದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಆದರೆ ಅದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು, ಅದೂ ಪೊಲೀಸರು ಚಾರ್ಜ್‌ಶೀಟು ತಂದು ಕೊಡುವ ಮೊದಲು. ಒಂದೊಂದು ಸಲ ಇದು ಗಂಟೆಗಳ ಪೈಪೋಟಿ. ರಿಮ್ಯಾಂಡ್ ಆದ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಜಗಳ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ, 2023ರಲ್ಲಿ ಹಿಡಿಯಬೇಕು ಎಂದು ಇತ್ಯರ್ಥವಾಯಿತು. ನಿಮ್ಮ ಪ್ರಶ್ನೆಗೆ ಅವರು ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ದಿನ ಎಣಿಸಿದರೆ, ವಕಾಲತ್ತಿಗೆ ಸಹಿ ಹಾಕಿಸಿ. ‘ಅದೆಲ್ಲ ಆಮೇಲೆ ನೋಡೋಣ’ ಎಂದರೆ ಕಾಫಿ ಮುಗಿಸಿ ಎದ್ದು ಬನ್ನಿ.

ದರಪಟ್ಟಿ

ಇಲ್ಲ. ಎಲ್ಲೂ ಇಲ್ಲ. ಒಂದೇ ಬೇಲಿಗೆ ಒಬ್ಬರು ಕೇಳುವುದಕ್ಕೂ ಇನ್ನೊಬ್ಬರು ಕೇಳುವುದಕ್ಕೂ ಹತ್ತು ಪಟ್ಟು ವ್ಯತ್ಯಾಸವಿದ್ದರೂ ಆಶ್ಚರ್ಯವಿಲ್ಲ. ನೀವು ಮಾಡಬೇಕಾದ್ದು ಫೀಸನ್ನು ಬಿಡಿಸಿ ಕೇಳುವುದು: ಬೇಲಿಗೆ ಎಷ್ಟು, ಸೆಷನ್ಸ್‌ನಲ್ಲಿ ತಿರಸ್ಕೃತವಾದರೆ ಹೈಕೋರ್ಟಿಗೆ ಎಷ್ಟು, ಟ್ರಯಲ್ ನಡೆದರೆ ಒಟ್ಟು ಮೊತ್ತವೋ ತಾರೀಕಿಗೆ ಇಷ್ಟೆಂದೋ, ಟೈಪಿಂಗು ಜೆರಾಕ್ಸು ಕ್ಲರ್ಕು ಎಲ್ಲ ಸೇರಿಯೋ ಬಿಟ್ಟೋ. ರಸೀದಿ ಕೇಳಲು ಸಂಕೋಚ ಬೇಡ. ‘ಬಿಡುಗಡೆ ಆದ್ರೆ ಇಷ್ಟು, ಇಲ್ಲಾಂದ್ರೆ ಏನೂ ಬೇಡ’ ಎಂಬ ಆಕರ್ಷಕ ಕೊಡುಗೆ ಬಂದರೆ ಅನುಮಾನ ಪಡಿ. ಫಲಿತಾಂಶದ ಮೇಲೆ ಫೀಸು ಕಟ್ಟುವುದನ್ನು ವಕೀಲರ ಪರಿಷತ್ತು ನಿಷೇಧಿಸಿದೆ.

ಇನ್ನು ಆ ಕವರು. ‘ಇದು ನಮ್ಮ ಫೀಸು, ಅದು ಆ ಕಡೆಗೆ’ ಎಂದು ಗಲ್ಲದಿಂದ ನ್ಯಾಯಾಧೀಶರ ಕಡೆಗೋ ಸರ್ಕಾರಿ ವಕೀಲರ ಕಡೆಗೋ ಸನ್ನೆ ಮಾಡುವವರಿದ್ದಾರೆ. ಹತ್ತರಲ್ಲಿ ಒಂಬತ್ತು ಕವರುಗಳು ಆ ಕಡೆ ಹೋಗುವುದೇ ಇಲ್ಲ, ಮೇಜಿನ ಡ್ರಾಯರಿನಲ್ಲೇ ನಿಲ್ಲುತ್ತವೆ ಎಂಬುದು ಈ ಕೈಪಿಡಿ ಬರೆದವರ ಖಾಸಗಿ ಅಭಿಪ್ರಾಯ. ಹೋದರೆ ಇನ್ನೂ ಕಷ್ಟ. 2018ರ ತಿದ್ದುಪಡಿಯಾದ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಟ್ಟವರಿಗೂ ಏಳು ವರ್ಷದವರೆಗೆ ಶಿಕ್ಷೆ ಇದೆ. ಆಗ ಭಾವಮೈದನನ್ನು ಬಿಡಿಸಲು ಹೋದ ಭಾವನಿಗೆ ಬೇರೆ ಲಾಯರನ್ನು ಹುಡುಕಬೇಕು, ಆ ಪಾಳಿ ಯಾರದೋ.

ಉಚಿತ ಮಾದರಿ

ಇದನ್ನು ಕಂಪನಿಗಳು ಪುಟದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾಕುತ್ತವೆ, ನಾವು ಮಧ್ಯದಲ್ಲೇ ಹಾಕಿದ್ದೇವೆ. ಬಂಧನದಲ್ಲಿರುವ ಯಾರಿಗಾದರೂ, ಅವರ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೂ ಹೀಗೆಯೇ. ಫೋನ್ ಮಾಡಬೇಕಾದ್ದು 15100ಕ್ಕೆ. ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಮುಂಬೈ ದಾಳಿಯ ಕಸಬ್‌ನ ಮೇಲ್ಮನವಿಯಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಗಲ್ಲು ಖಾಯಂ ಮಾಡಿತು. ಅದೇ ತೀರ್ಪಿನಲ್ಲಿ, ಆರೋಪಿಯನ್ನು ಮೊದಲ ಸಲ ಹಾಜರುಪಡಿಸಿದಾಗಲೇ ‘ನಿನಗೆ ವಕೀಲರ ಹಕ್ಕಿದೆ’ ಎಂದು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದೂ ಹೇಳಿತು. ಕಸಬ್‌ನಿಗೆ ಸಿಕ್ಕ ಹಕ್ಕು ನಿಮ್ಮ ಭಾವಮೈದನಿಗೂ ಇದೆ.

‘ಬಿಟ್ಟಿ ಲಾಯರು ಯಾವ ಸೀಮೆ ಕೆಲ್ಸ ಮಾಡ್ತಾರೆ’ ಎಂದು ಮೂಗು ಮುರಿಯುವುದು ರೂಢಿ. 2022ರ ನಂತರ ಪೂರ್ಣಾವಧಿ ರಕ್ಷಣಾ ವಕೀಲರನ್ನೇ ನೇಮಿಸುವ ವ್ಯವಸ್ಥೆ ಬಂದಿದೆ. ಅವರಲ್ಲಿ ಚುರುಕಿನವರೂ ಇದ್ದಾರೆ, ಸುಸ್ತಾದವರೂ ಇದ್ದಾರೆ. ದುಡ್ಡು ಕೊಟ್ಟವರಲ್ಲೂ ಅದೇ ಅನುಪಾತ. ಕೊನೇ ಬೆಂಚಿನ ಪರೀಕ್ಷೆಯನ್ನು ಇಲ್ಲೂ ಮಾಡಬಹುದು.

ಕೆಲವೊಮ್ಮೆ ದುಡ್ಡಿದ್ದರೂ ಲಾಯರು ಸಿಗುವುದಿಲ್ಲ. 2020ರ ಫೆಬ್ರವರಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ಹುಬ್ಬಳ್ಳಿಯ ವಕೀಲರ ಸಂಘ ನಿರ್ಣಯ ಮಾಡಿತ್ತು. ಬೆಂಗಳೂರಿನಿಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಹೋಗಿ ಅರ್ಜಿ ಹಾಕಬೇಕಾಯಿತು. ಹೈಕೋರ್ಟು ಆ ನಿರ್ಣಯವನ್ನು ಕಟುವಾಗಿ ಟೀಕಿಸಿತು. ಇಂಥ ನಿರ್ಣಯಗಳಿಗೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ ಎಂಬ ಅರ್ಥದ ತೀರ್ಪು 2010ರಲ್ಲೇ ಬಂದಾಗಿತ್ತು. ಅಂಥ ದಿನ ಎದ್ದು ನಿಂತ ಲಾಯರ ಹೆಸರನ್ನು ಬರೆದಿಟ್ಟುಕೊಳ್ಳಿ, ಸೈಟಿನ ಕೆಲಸಕ್ಕಾದರೂ ಆದೀತು.

ದೋಷ ಮತ್ತು ಪರಿಹಾರ

ಲಾಯರು ಫೋನ್ ಎತ್ತುತ್ತಿಲ್ಲ: ಕೋರ್ಟಿನಲ್ಲಿದ್ದಾರೆ. ಹಗಲು ಮೆಸೇಜು ಹಾಕಿ, ಸಂಜೆ ಮಾಡಿ. ಸಂಜೆಯೂ ಎತ್ತುತ್ತಿಲ್ಲ: ಎರಡನೇ ಕಂತು ಬಾಕಿ ಇದೆಯೇ ನೋಡಿ. ಬಾಕಿ ಇಲ್ಲ, ಆದರೂ ಎತ್ತುತ್ತಿಲ್ಲ: ಕೆಳಗೆ ಓದಿ.

ಜೂನಿಯರನ್ನು ಕಳಿಸುತ್ತಾರೆ: ದೋಷವಲ್ಲ. ಕೇಸಿನ ಕಾಗದ ಪೂರ್ತಿ ಓದಿದವರು ಹಲವು ಸಲ ಅವರೊಬ್ಬರೇ.

ತಾರೀಕಿಗೆ ಆರೋಪಿ ಹೋಗಲಿಲ್ಲ, ಲಾಯರು ಗೈರುಹಾಜರಿ ಅರ್ಜಿಯನ್ನೂ ಹಾಕಲಿಲ್ಲ: ಜಾಮೀನುರಹಿತ ವಾರಂಟ್ ಬರುತ್ತದೆ. ಮೊದಲಿಂದ ಓದಿ.

ಬೇಲ್ ಆಯಿತು, ಹುಡುಗ ಹೊರಗೆ ಬರಲಿಲ್ಲ: ಇದು ಅತಿ ಸಾಮಾನ್ಯ ದೂರು. ಆದೇಶದಲ್ಲಿ ‘ಒಬ್ಬ ಶ್ಯೂರಿಟಿ’ ಎಂಬ ಪದವಿರುವುದನ್ನು ಸಿಹಿ ಹಂಚುವ ಗಡಿಬಿಡಿಯಲ್ಲಿ ಯಾರೂ ಓದಿರುವುದಿಲ್ಲ. ಬೆಂಗಳೂರಿನಲ್ಲಿ ಸ್ವಂತ ಆಸ್ತಿಯಿದ್ದು, ಅದರ ಕಾಗದವನ್ನು ನಿಮ್ಮ ಭಾವಮೈದನ ನಡತೆಗೆ ಒತ್ತೆಯಿಡುವ ಸ್ನೇಹಿತರು ಎಷ್ಟು ಜನ? ಆ ನಾಲ್ಕು ಜನರೂ ಅವತ್ತು ಊರಲ್ಲಿರುವುದಿಲ್ಲ. ಕೊನೆಗೆ ಊರಿಂದ ಚಿಕ್ಕಪ್ಪ ಬೆಳಗಿನ ಜಾವದ ಬಸ್ಸು ಹತ್ತಿ ಬರುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಆಧಾರ್, ಎರಡು ಫೋಟೋ. ಕಟ್ಟೆ ಹತ್ತಿ ನಿಂತ ಅವರನ್ನು ಮ್ಯಾಜಿಸ್ಟ್ರೇಟರು ಕೇಳುತ್ತಾರೆ: ‘ಆರೋಪಿ ನಿಮಗೆ ಏನಾಗ್ಬೇಕು?’ ‘ನಮ್ಮ ಅಣ್ಣನ ಮಗ, ಸ್ವಾಮಿ.’ ‘ಅವನು ಕೋರ್ಟಿಗೆ ಬರ್ದೇ ಹೋದ್ರೆ ನೀವು ದುಡ್ಡು ಕಟ್ಬೇಕಾಗುತ್ತೆ, ಗೊತ್ತಾ?’ ಚಿಕ್ಕಪ್ಪ ಒಂದು ಗಳಿಗೆ ನಿಮ್ಮ ಕಡೆ ನೋಡುತ್ತಾರೆ. ‘ಬರ್ತಾನೆ ಬಿಡಿ ಸ್ವಾಮಿ, ಬರ್ದೆ ಎಲ್ಲೋಗ್ತಾನೆ.’ ಒಳ್ಳೆಯ ಲಾಯರು ಬೇಲ್ ವಾದಕ್ಕೆ ಮೊದಲೇ ಈ ಚಿಕ್ಕಪ್ಪನ ಪಹಣಿಯಲ್ಲಿ ಹೆಸರು ಸರಿಯಿದೆಯೇ ಎಂದು ನೋಡಿಟ್ಟಿರುತ್ತಾರೆ. ಆಧಾರಿನಲ್ಲಿ ರಾಮಯ್ಯ, ಪಹಣಿಯಲ್ಲಿ ರಾಮಣ್ಣ ಆಗಿದ್ದರೆ ಇನ್ನೊಂದು ರಾತ್ರಿ ಪರಪ್ಪನ ಅಗ್ರಹಾರದಲ್ಲೇ.

ಲಾಯರನ್ನೇ ಬದಲಾಯಿಸಬೇಕು: ಬದಲಾಯಿಸಬಹುದು. ಹಳಬರಿಂದ ‘ಆಕ್ಷೇಪಣೆಯಿಲ್ಲ’ ಎಂಬ ಸಹಿ ಪಡೆದು ಹೊಸಬರು ವಕಾಲತ್ತು ಹಾಕುತ್ತಾರೆ. ಫೀಸು ಬಾಕಿಯೆಂದು ಫೈಲು ಇಟ್ಟುಕೊಂಡು ಸತಾಯಿಸಿದರೆ, ಹಾಗೆ ಒತ್ತೆ ಹಿಡಿಯುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿದೆ. ಈ ತೀರ್ಪನ್ನು ಅವರ ಮುಖಕ್ಕೆ ಹಿಡಿಯುವ ಮೊದಲು ಬಾಕಿ ಕೊಟ್ಟುಬಿಡುವುದು ಲೇಸು. ಕೆಲಸ ಮಾಡಿದ್ದಾರೆ.

ಬಳಕೆಯ ನಂತರ

ವರ್ಷಗಳು ಕಳೆದು ‘ಖುಲಾಸೆ’ ಎಂಬ ಮಾತು ಕೇಳಿದ ಮೇಲೂ ಕೋರ್ಟಿನಿಂದ ಓಡಿಬರಬೇಡಿ. ತೀರ್ಪಿನ ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಹಾಕಿ, ಪಾಸ್‌ಪೋರ್ಟಿಗೆ ಬೇಕಾಗುತ್ತದೆ. ಚಿಕ್ಕಪ್ಪನ ಶ್ಯೂರಿಟಿ ಬಾಂಡು ರದ್ದಾಯಿತೇ ಕೇಳಿ. ಇಲ್ಲವಾದರೆ ಅವರು ಮುಂದಿನ ಸಲ ಬಸ್ಸು ಹತ್ತುವುದಿಲ್ಲ. ಆರೋಪಿಯ ಬೈಕು ಇನ್ನೂ ಠಾಣೆಯ ಬಯಲಲ್ಲಿ ಮಳೆಗೆ ನೆನೆಯುತ್ತಿರಬಹುದು. ಜಪ್ತಿಯಾದ ವಾಹನಗಳನ್ನು ಹಾಗೆ ಕೊಳೆಯಲು ಬಿಡಬಾರದೆಂದು ಸುಂದರ್‌ಭಾಯಿ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಕೇಸು ಮುಗಿಯುವವರೆಗೆ ಕಾಯಬೇಕಾಗಿಯೇ ಇರಲಿಲ್ಲ. ಅದನ್ನು ಬಿಡಿಸಲು ಬೇರೆ ಅರ್ಜಿ ಹಾಕಬೇಕು. ಅದರ ಫೀಸು ಬೇರೆ.